ಹನ್ನೊಂದರವರೆಗಿನ ತವರು

“ಅಂಗಡಿ ಅಕ್ಕಿ ಉಡಿಗೆ ನಡಿಯಂಗಿಲ್ಲ,” ಎಂದು ನಾಗವ್ವ ಮಂಚದ ಅಂಚಿಗೆ ಕುಸಿದು ಕುಳಿತಳು. ನಿನ್ನೆ ದಿನವಿಡೀ ಬಸ್ಸಿನಲ್ಲಿ ಕುಲುಕಿದ ಸೊಂಟ ಇನ್ನೂ ತಹಬಂದಿಗೆ ಬಂದಿರಲಿಲ್ಲ. ಹಸಿರು ಸೀರೆ, ಖಣದ ಕುಬಸ, ಬಳೆ, ಕೊಬ್ಬರಿ ಬಟ್ಟಲು ಎಲ್ಲವೂ ಎದುರಿಗಿದ್ದವು. ಮನೆಯಿಂದ ಕಟ್ಟಿ ತಂದ ಅಕ್ಕಿಯ ಗಂಟು ಮಾತ್ರ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಅವಳೊಡನೆ ಇಳಿದಿರಲಿಲ್ಲ.

ಮಗಳು ಶೈಲಾಗೆ ಈಗ ಏಳು ತಿಂಗಳು. ತಾನೇ ಮೆಚ್ಚಿ ಮರಾಠಿ ಹುಡುಗ ಸ್ವಪ್ನಿಲ್‌ನನ್ನು ಮದುವೆಯಾದ ದಿನವೇ ತಂದೆ ಈರಬಸಪ್ಪ ಆಣೆ ಹಾಕಿದ್ದ: ಮಗಳು ತನ್ನ ಹೊಸ್ತಿಲು ತುಳಿಯಕೂಡದು, ಹೆಂಡತಿ ಮಗಳ ಹೊಸ್ತಿಲು ತುಳಿಯಕೂಡದು. ಚೊಚ್ಚಲ ಬಸಿರಿಗೆ ಉಡಿ ತುಂಬುವ ಕುಬಸದ ಶಾಸ್ತ್ರವೋ, ತವರಿನಲ್ಲೇ ಆಗಬೇಕು. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ನಾಗವ್ವ ಕೋಥರೂಡದಲ್ಲಿ, ಮಗಳ ಮನೆಗೆ ಎರಡು ಓಣಿ ಈಚೆ, ಒಂದು ದಿನದ ಮಟ್ಟಿಗೆ ಕೋಣೆ ಹಿಡಿದಿದ್ದಳು. ಸಿಕ್ಕಿದ್ದು ಇಂಗ್ಲಿಷರ ಹಳೆಯ ಪಬ್ಬಿನ ಮಾದರಿಯ ವಸತಿಗೃಹ. ಕೆಳಗೆ ಕರಿಮರದ ತೊಲೆಗಳ ಬಾರು, ಮೇಲೆ ನಾಲ್ಕು ಕೋಣೆ, ಗೋಡೆಯ ಮೇಲೆ ಕೆಂಪು ಕೋಟಿನ ದೊರೆಗಳು ನರಿಯನ್ನು ಬೆನ್ನಟ್ಟುವ ಚಿತ್ರ. ಕೆಳಗಿನ ಗದ್ದಲದಲ್ಲಿ ಅವಳಿಗೆ ರಾತ್ರಿ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ.

“ಮೂಲಿ ಅಂಗಡ್ಯಾಗ ಛಲೋ ಅಕ್ಕಿ ಸಿಗ್ತಾವವ್ವಾ. ಯಾರಿಗೆ ಗೊತ್ತಾಗ್ತದ?” ಎಂದಳು ಶೈಲಾ.

“ಉಡಿಗೆ ಗೊತ್ತಾಗ್ತದ. ಉಡಿಕಾಳು ತವರಮನೀವೇ ಇರಬೇಕು.”

ಬಾಗಿಲು ಬಡಿಯಿತು. ವಸತಿಗೃಹ ನೋಡಿಕೊಳ್ಳುವ ದೀಪಾಲಿ ಅಕ್ಕಲಕೋಟೆಯ ಕಡೆಯವಳು. ಅವಳಿಗೆ ಕನ್ನಡ ಬರುತ್ತಿತ್ತು. “ಮಾವಶಿ, ಹನ್ನೊಂದಕ್ಕ ರೂಮ್ ಖಾಲಿ ಮಾಡಬೇಕ್ರಿ. ಮುಂದಿನವರು ಬರ್ತಾರ,” ಎಂದವಳ ಕಣ್ಣು ಹಸಿರು ಸೀರೆಯ ಮೇಲೆ ಬಿತ್ತು. “ಕುಬಸ ಏನ್ರಿ? ಇಲ್ಲೇ?”

“ಮತ್ತೆಲ್ಲಿ ಮಾಡ್ಲಿ ತಂಗಿ? ನಮ್ಮ ಮನಿಗೆ ಆಕಿ ಬರಂಗಿಲ್ಲ, ಆಕಿ ಮನಿಗೆ ನಾ ಹೋಗಂಗಿಲ್ಲ. ಹನ್ನೊಂದರ ತನಕ ಇದು ನನ್ನ ಮನಿ ಹೌದಲ್ಲ?”

“ಹೌದ್ರಿ. ಬಾಡಗಿ ನಿಮ್ಮ ಹೆಸರಲೇ ಅದ.”

ನಾಗವ್ವ ತಲೆಯೆತ್ತಿದಳು. “ಹಂಗಾರ ಈ ಮನ್ಯಾಗ ಕಾಳು ಏನವ?”

ದೀಪಾಲಿ ತಡವರಿಸಿದಳು. “ಅಡಿಗಿ ಖೋಲಿ ಕೀಲಿ ಹಾಕ್ಯಾರ, ಮಧ್ಯಾಹ್ನದ ತನಕ ತೆಗಿಯಂಗಿಲ್ಲ. ಕೆಳಗ ಬಿಯರ್ ಮಾಡೂ ಬಾರ್ಲಿ ಚೀಲ ಅದ್ರಿ, ಅಷ್ಟ.”

ಶೈಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಪ್ಪ ಬಾರಿನ ನೆರಳು ಸೈತ ತುಳಿಯಂಗಿಲ್ಲ!”

“ನಿಮ್ಮಪ್ಪನ ಉಡಿ ತುಂಬಾಕತ್ತಿಲ್ಲ. ತಾ ತಂಗಿ.”

ದೊಡ್ಡ ಗಾಜಿನ ಮಗ್ಗಿನ ತುಂಬ ಬಾರ್ಲಿ ಬಂತು. ನಾಗವ್ವ ಒಂದು ಕಾಳು ಕಡಿದು ನೋಡಿದಳು. “ಜವಿಗೋದಿ. ಮೊಳಿಕಿ ಒಡಸಿ ಒಣಗಿಸ್ಯಾರ. ಬಸರಿ ಉಡಿಗೆ ಇನ್ನೇನು ಬೇಕು?”

ಕುದುರೆಯೇರಿದ ದೊರೆಗಳ ಕೆಳಗೆ ಮಗಳನ್ನು ಪೂರ್ವಕ್ಕೆ ಮುಖಮಾಡಿ ಕೂರಿಸಿ ಹಸಿರು ಉಡಿಸಿದಳು, ಬಳೆ ತೊಡಿಸಿದಳು, ಹಿಡಿಹಿಡಿಯಾಗಿ ಉಡಿ ತುಂಬಿದಳು. ಯಾರೂ ಕೇಳದೆಯೇ ದೀಪಾಲಿ ಕುಂಕುಮದ ಭರಣಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಯಾರೂ ಹಾಡಲಿಲ್ಲ. ಹಾಡುವಷ್ಟು ಉಸಿರು ನಾಗವ್ವನಲ್ಲಿ ಉಳಿದಿರಲಿಲ್ಲ.

ಉಡಿ ತುಂಬಿಸಿಕೊಂಡವಳು ಹೊರಡುವ ಮುನ್ನ ಒಂದು ಹಿಡಿ ಕಾಳನ್ನು ತವರಿನ ಕಣಜಕ್ಕೆ ಮರಳಿ ಹಾಕಬೇಕು, ತವರು ಬರಿದಾಗಬಾರದು. ಶೈಲಾ ಮುಷ್ಟಿ ತುಂಬಿಕೊಂಡು ಎದ್ದು ಸುತ್ತಲೂ ನೋಡಿದಳು. ಮಂಚ, ಟಿವಿ, ಚಹಾದ ಕೆಟಲ್. ಹೊರಗೆ ಕೋಣೆ ತೊಳೆಯುವವರ ಬಕೆಟ್ಟು ಬಂದು ನಿಂತ ಸದ್ದಾಯಿತು.

“ಎಲ್ಲಿ ಹಾಕ್ಲವ್ವಾ?”

ನಾಗವ್ವ ತನ್ನ ಸೆರಗು ಒಡ್ಡಿದಳು. ಬಿದ್ದ ಕಾಳನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಮನಿಗೆ ಹೋಗಿ ಜ್ವಾಳದಾಗ ಕೂಡಿಸಿ ಬೀಸಿಸ್ತೀನಿ.”

“ಅಪ್ಪಗ ಏನಂತ ಹೇಳ್ತಿ?”

ಬಾತ ಕಾಲನ್ನು ಚಪ್ಪಲಿಗೆ ತುರುಕುತ್ತ ನಾಗವ್ವ ಅಂದಳು: “ಹೇಳಂಗಿಲ್ಲ. ಉಣ್ಣಸ್ತೀನಿ.”