ಸವಳು ಹೊಲದ ಭತ್ತ

"ಏ ಶಾವಲಿ, ಏನ್ ಮಾಡಾಕತ್ತೀಲೇ? ಭತ್ತಕ್ಕ ಸೀಮೆಎಣ್ಣಿ ಹಾಕ್ತಿಯೇನು?"

ಅಮರಗುಂಡಪ್ಪ ಬದುವಿನ ಮೇಲಿಂದಲೇ ಅರಚಿದ. ಆಗಷ್ಟೇ ಕೊಯ್ದ ಭತ್ತವನ್ನು ಹೊಲದ ನಡುವೆ ಎದೆಯೆತ್ತರ ಒಟ್ಟಿದ್ದರು. ಒಂದೊಂದು ತೆನೆಯೂ ಕಾಳು ತುಂಬಿ ಜೋತುಬಿದ್ದಿತ್ತು. ಕೂಲಿ ಶಾವಲಿ ಡಬ್ಬಿ ವಾಲಿಸಿಕೊಂಡು ಒಟ್ಟಿಲ ಸುತ್ತ ಸುರಿಯುತ್ತ ಬರುತ್ತಿದ್ದ.

"ನನಗೇನ್ ಕೇಳ್ತೀರಿ ಗೌಡ್ರ? ಸಾಹೇಬ್ರು ಸುರಿ ಅಂದ್ರು, ಸುರಿಯಾಕತ್ತೀನಿ. ಹಿಂದ ಸರೀರಿ, ಧೋತರಕ್ಕ ಹತ್ತೀತು."

"ನನ್ನ ಹೊಲದಾಗ ಯಾವ ಸಾಹೇಬಲೇ? ನಿನ್ನೆ ಸಿಂಧನೂರಿನ್ಯಾಗ ರಿಜಿಸ್ಟ್ರಿ ಆಗೈತಿ!"

ಅದು ನಿಜ. ಬಳಗಾನೂರಿನ ತಗ್ಗಿನಲ್ಲಿ, ಕಾಲುವೆಯ ತುದಿಗಿದ್ದ ಈ ಆರೆಕರೆ ಸವಳು ಹಿಡಿದು ಬೆಳ್ಳಗಾದಾಗ ಅದನ್ನು ಗಂಡ ಸತ್ತು ತವರಿಗೆ ಬಂದ ತಂಗಿ ವೀರಭದ್ರಮ್ಮನ ಪಾಲಿಗೆ ಹಾಕಿದವನು ಅಮರಗುಂಡಪ್ಪನೇ. ಜಾಲಿ ಕೂಡ ಅಲ್ಲಿ ಬದುಕುತ್ತಿರಲಿಲ್ಲ. ಈ ಸಲ ಹೈದರಾಬಾದಿನ ಕಡೆಯವರು ಒಂದು ಪೀಕಿನ ಮಟ್ಟಿಗೆ ಲೀಸಿಗೆ ಹಿಡಿದು ನಾಟಿ ಮಾಡಿಸಿದರು. ಬಸ್ಸಿನ ಕಿಟಕಿಯಿಂದ ಆ ಹಸಿರು ಕಂಡ ದಿನ ಅಮರಗುಂಡಪ್ಪನಿಗೆ ಊಟ ಸೇರಲಿಲ್ಲ. ಕಾಲುವೆ ಮಗ್ಗುಲ ತನ್ನ ಎರಡೆಕರೆ ಎರೆ ಹೊಲವನ್ನು ತಂಗಿಗೆ ಕೊಟ್ಟು ಇದನ್ನು ಬದಲಿ ಬರೆಸಿಕೊಂಡ. "ಅಣ್ಣಾ, ಮಣ್ಣು ಹಂಗ ಐತಿ, ಬೀಜ ಅಷ್ಟ ಬ್ಯಾರೆ" ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ಹೊಲ ಬಿಡಲು ಮನಸ್ಸಿಲ್ಲದೆ ನಾಟಕ ಮಾಡುತ್ತಾಳೆ ಎಂದುಕೊಂಡ.

ಲೀಸಿಗೆ ಹಿಡಿದವರ ಕಡೆಯ ಕನ್ನಡಕದ ಸಾಹೇಬ ಹತ್ತಿರ ಬಂದ. "ಜಮೀನು ನಿಮ್ಮದಿರಬಹುದು ಯಜಮಾನ್ರೆ, ಬೆಳೆ ನಮ್ಮದು. ಕಡಲ ದಂಡೆಯ ಗಿಡವೊಂದರ ವಂಶವಾಹಿ ತೆಗೆದು ಈ ಭತ್ತದಲ್ಲಿ ಸೇರಿಸಿದ್ದೇವೆ. ಅದಕ್ಕೇ ಉಪ್ಪು ತಡೆದುಕೊಂಡಿದೆ. ಇನ್ನೂ ಪರೀಕ್ಷೆಯಲ್ಲಿರೋ ಬೆಳೆ. ತಿನ್ನೋ ಹಾಗಿಲ್ಲ, ಬಿತ್ತೋ ಹಾಗಿಲ್ಲ, ಒಂದು ಕಾಳೂ ಹೊರಗೆ ಹೋಗಬಾರದು."

"ಮುಂದಿನ ವರ್ಷ ಮತ್ತ ಹಾಕ್ತೀರಲ್ರೀ?"

"ಇಲ್ಲಿ? ಇಲ್ಲ."

ಶಾವಲಿ ಕಡ್ಡಿ ಗೀರಿದ. ಒಟ್ಟಿಲು ಒಮ್ಮೆಲೇ ಭುಗ್ಗೆಂದಿತು. ಕೊಯ್ಯಲು ಬಂದಿದ್ದ ಹೆಂಗಸರು ಕುಡುಗೋಲು ಕೆಳಗಿಟ್ಟು, ಬಾಯಿಗೆ ಸೆರಗು ಹಿಡಿದು ನಿಂತರು. ಅನ್ನ ಉರಿಯುವುದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಅಮರಗುಂಡಪ್ಪ ಕಣ್ಣು ಕೆಳಗಿಳಿಸಿದ. ಇಷ್ಟು ದಿನ ಪೈರು ಮುಚ್ಚಿದ್ದ ನೆಲ ಈಗ ಕೂಳೆಗಳ ನಡುವೆ ಬೆತ್ತಲೆಯಾಗಿತ್ತು. ಬದುವಿನಿಂದ ಬದುವಿಗೆ ಸುಣ್ಣ ಬಳಿದ ಹಾಗೆ ಉಪ್ಪು.

ಅವನು ಬೆಂಕಿಗೆ ನುಗ್ಗಿದ. ಶಾವಲಿ ನಡುವಿಗೆ ಕೈ ಹಾಕಿ ಎಳೆಯುವಷ್ಟರಲ್ಲಿ ಒಂದು ಹಿಡಿ ತೆನೆ ಕಿತ್ತುಕೊಂಡು ತಿರುಗಿದ್ದ. ಸಾಹೇಬನ ಕಡೆಯ ಇಬ್ಬರು ಬಂದು ಬೆರಳು ಬಿಡಿಸಿ, ತೆನೆ ಕಸಿದು ಉರಿಗೆ ಎಸೆದರು.

ಸುದ್ದಿ ಕೇಳಿ ವೀರಭದ್ರಮ್ಮ ಓಡಿಬಂದಳು. ಮೀಸೆ ಅರ್ಧ ಸುಟ್ಟು ಕೂಳೆಯಲ್ಲಿ ಕುಸಿದು ಕೂತಿದ್ದ ಅಣ್ಣನನ್ನು ಕಂಡು ಅವನ ಪಕ್ಕ ಮೊಣಕಾಲೂರಿದಳು.

"ಅಣ್ಣಾ, ಕೈ ಸುಟ್ಟೈತೇನು? ತೋರ್ಸು."

ಅವನು ಮುಖ ಆಚೆ ತಿರುಗಿಸಿದ.

"ನನ್ನ ಮ್ಯಾಲ ಸಿಟ್ಟೇನು? ನಾ ಮೊದಲ ಹೇಳಿದ್ನಲ್ಲ... ಒಂದ್ ಮಾತರ ಆಡೋ, ಬಯ್ಯರ ಬಯ್ಯಿ."

ಇಷ್ಟೊತ್ತು ಊರಿಗೆಲ್ಲ ಕೇಳುವಂತೆ ಕೂಗಾಡಿದವನು ತುಟಿ ಬಿಗಿಹಿಡಿದು, ತಲೆಯನ್ನಷ್ಟೇ ಅಲ್ಲಾಡಿಸಿದ. ಒಂದು ಕೆನ್ನೆ ಸಣ್ಣಗೆ ಉಬ್ಬಿತ್ತು.

ಸಾಹೇಬ ಕನ್ನಡಕ ಸರಿಮಾಡಿಕೊಂಡು ಅವನೆದುರು ಕುಕ್ಕರಗಾಲಲ್ಲಿ ಕೂತ.

"ಬಾಯಿ ತೆಗೀರಿ, ಯಜಮಾನ್ರೆ."