ಹುಳು ತಿಂದ ಎರಡು ಸಾಲು

“ಈ ಎರಡು ಸಾಲು ಸಾಕು. ಗಡ್ಡದ ತಾತನೇ ದೊಡ್ಡವರು ಅನ್ನೋಕೆ ಇನ್ಯಾವ ಸಾಕ್ಷಿ ಬೇಕು?” ಪಿಟೀಲಿನವರು ಸ್ವರಲಿಪಿಯ ಹಾಳೆಯ ಮೇಲೆ ಬೆರಳು ಕುಟ್ಟಿದರು. ಕಣ್ಣು ಮುಚ್ಚಿ ಆ ಸಾಲುಗಳನ್ನು ಇನ್ನೊಮ್ಮೆ ನುಡಿಸಿದರು.

“ಆ ಎರಡು ಸಾಲೇ ಅವರ ಮಾನ ಕಳೆಯೋದು,” ಎಂದರು ಕೊಳಲಿನವರು. “ಬೋಳುತಲೆ ತಾತ ನಿದ್ದೆಗಣ್ಣಲ್ಲೂ ಹೀಗೆ ಬರೀತಿರಲಿಲ್ಲ.”

ಹಳೆಯ ಕೃತಿಗಳನ್ನು ರಚಿಸಿದ ಆ ತಾತಂದಿರಿಬ್ಬರೂ ತಾಲೀಮು ಕೋಣೆಯ ಗೋಡೆಯ ಮೇಲೆ ಚೌಕಟ್ಟಿನೊಳಗೆ ಕೂತಿದ್ದರು. ಸತ್ತು ಇನ್ನೂರು ವರ್ಷವಾದರೂ ಈ ವಾದಕರಿಬ್ಬರು ಬಿಡದೆ ದಿನಾ ಅವರನ್ನು ಅಖಾಡಕ್ಕೆ ಇಳಿಸುತ್ತಿದ್ದರು. ಮೂಲೆಯಲ್ಲಿ ಸ್ವರಲಿಪಿಯ ನಕಲು ಬರೆಯುವವನ ಪೆನ್ಸಿಲ್ ನಿಂತುಬಿಟ್ಟಿತು. ಹಳೆಯ ಹಾಳೆಯಲ್ಲಿ ಆ ಎರಡು ಸಾಲಿನ ಜಾಗವನ್ನು ಹುಳು ತಿಂದಿತ್ತು. ಹೇಳಿದರೆ, ಹಾಳೆಗಳ ಬೀರು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಕೆಲಸಕ್ಕೇ ಸಂಚಕಾರ. ಅದಕ್ಕೇ ಹಿಂದಿನ ಮುಂದಿನ ಸ್ವರ ನೋಡಿ, ಗುನುಗಿಕೊಂಡು, ನಕಲಿನಲ್ಲಿ ಆ ಎರಡು ಸಾಲು ತಾನೇ ತುಂಬಿಸಿದ್ದ.

ಹೊಗಳಿದ್ದೂ ತನ್ನನ್ನೇ, ಉಗಿದದ್ದೂ ತನ್ನನ್ನೇ. ಉಬ್ಬಬೇಕೋ ಕುಗ್ಗಬೇಕೋ ಗೊತ್ತಾಗದೆ ಅವನ ಕಿವಿ ಬಿಸಿಯಾಯಿತು.

“ಮೂಲ ಹಾಳೆ ತಾರಯ್ಯ, ಇವರ ಕಣ್ಣಿಗೆ ಹಿಡಿಯೋಣ,” ಎಂದರು ಪಿಟೀಲಿನವರು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ತಂದು ಮೇಜಿನ ಮೇಲಿಟ್ಟ. ತೂತಿನೊಳಗೆ ಮೇಜಿನ ಹಲಗೆ ಕಾಣುತ್ತಿತ್ತು.

“ಅದು... ನಾನೇ ಸೇರಿಸ್ದೆ ಸರ್.”

ಇಬ್ಬರೂ ತೂತಿನ ಮೇಲೆ ಬಗ್ಗಿದರು.

“ಅದಕ್ಕೇ ಮತ್ತೆ ಅಷ್ಟು ಜೊಳ್ಳು,” ಪಿಟೀಲಿನವರು ಮೂಗು ಮುರಿದರು. “ನನಗೆ ಮೊದಲ ಸಲವೇ ಅನುಮಾನ ಬಂದಿತ್ತು.”

“ಜೊಳ್ಳೇನಿಲ್ಲ ಬಿಡಿ.” ಕೊಳಲಿನವರು ನಕಲು ಹಾಳೆಯನ್ನು ಹತ್ತಿರಕ್ಕೆಳೆದುಕೊಂಡರು. “ಅರ್ಧಕ್ಕೇ ಶಾಲೆ ಬಿಟ್ಟವನು ಇಷ್ಟು ಬರೆದನಲ್ಲ, ಗಟ್ಟಿಗ. ನಿಮ್ಮ ಗಡ್ಡದ ತಾತನಿಗಿಂತ ವಾಸಿ.”

ಬರೆಯುವವನು ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ. “ಸರ್, ಸ್ವರ ಅವೇ ಅಲ್ವಾ? ಈಗ ತಾನೇ ನೀವು...”

“ನೀನು ಸುಮ್ಮನಿರು. ಇದು ದೊಡ್ಡವರ ವಿಷಯ.” ಪಿಟೀಲಿನವರು ಪೆನ್ಸಿಲ್ ಎತ್ತಿ ನಕಲಿನ ಆ ಎರಡೂ ಸಾಲಿನ ಮೇಲೆ ಗೀಟು ಎಳೆದರು. “ಮೊದಲಿಂದ ಶುರು ಮಾಡೋಣ. ಈ ಜಾಗ ಬಂದಾಗ ಹಾರಿಸಿಬಿಡಿ.”

ಶುರುವಾಯಿತು. ಗೀಟಿನ ಜಾಗವೂ ಬಂತು. ಕೊಳಲಿನವರು ಹೇಳಿದಂತೆ ಹಾರಿಸಿದರು. ಪಿಟೀಲಿನವರ ಕಣ್ಣು ಮಾತ್ರ ತಾನಾಗಿ ಮುಚ್ಚಿಕೊಂಡಿತು. ಬೆರಳು ಆ ಎರಡು ಸಾಲನ್ನೂ ಒಂದು ಸ್ವರ ಬಿಡದೆ ನುಡಿಸಿಕೊಂಡೇ ಹೋಯಿತು.

ಬರೆಯುವವನು ರಬ್ಬರು ಕೈಗೆತ್ತಿಕೊಂಡ. ಅಳಿಸಬೇಕಾದದ್ದು ಗೀಟನ್ನೋ, ಸಾಲನ್ನೋ, ಅವನಿಗೆ ತಿಳಿಯಲಿಲ್ಲ.