ಒಂದು ಮುಚ್ಚಳ ಕಷಾಯ

“ಉಸಿರು ಬಿಡಬೇಡಿ ದೊಡ್ಡಪ್ಪ, ತಟ್ಟೆ ಅಲ್ಲಾಡುತ್ತೆ!”

ದೊಡ್ಡಪ್ಪ ಉಸಿರು ಬಿಡಲಿಲ್ಲ. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಮನುಷ್ಯ. ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕಲ್ಲಾಗಿ ನಿಲ್ಲುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಕಂಕುಳಲ್ಲಿ ಮಾತ್ರ ಸ್ಟೀಲಿನ ಫ್ಲಾಸ್ಕು. ಅದರೊಳಗೆ ಹಿತ್ತಲ ಬೇಲಿಯ ಎಲೆ ಕುದಿಸಿದ ಕಷಾಯ.

“ಎಲ್ಲಾ ಗೊಟಕ್!” ಎಂದರು ಕೊನೆಗೆ. “ಕ್ಯಾನ್ಸರಿನವು ತಾನೆ?”

“ಹೌದು. ಈಗ ಪಕ್ಕದ ಗುಳಿ ನೋಡಿ.” ಅವರನ್ನು ತಾನು ಸಂಶೋಧನೆ ಮಾಡುವ ಲ್ಯಾಬಿಗೆ ಕರೆತಂದಿದ್ದ ತಮ್ಮನ ಮಗಳು ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದಳು.

“ಇವೂ ಸತ್ತಿವೆ. ಭೇಷ್! ಹಿತ್ತಲ ಗಿಡ ಮದ್ದಲ್ಲ ಅಂದೋರ ಬಾಯಿಗೆ ಬೀಗ ಹಾಕಿದೆ ಕಣೇ ನೀನು.”

“ಇವು ಆರೋಗ್ಯವಾಗಿದ್ದ ಜೀವಕೋಶ, ದೊಡ್ಡಪ್ಪ. ನಿಮ್ಮ ಎಲೆ ಕಳ್ಳನನ್ನೂ ಹೊಡೆದಿದೆ, ಮನೆಯವರನ್ನೂ ಹೊಡೆದಿದೆ.”

ತಪ್ಪು ಅವಳದೇ. ಮೂರು ವಾರದ ಹಿಂದೆ ಕ್ಯಾನ್ಸರ್ ಕೋಶಗಳು ಸತ್ತದ್ದನ್ನು ಕಂಡವಳೇ, ಒಳ್ಳೆಯ ಕೋಶಗಳ ಮೇಲೆ ಎಲೆಯ ಸಾರ ಹಾಕಿ ನೋಡುವ ಮೊದಲೇ, ಮನೆಯವರ ವಾಟ್ಸಾಪ್ ಗುಂಪಿಗೆ ಬರೆದುಬಿಟ್ಟಿದ್ದಳು: ‘ದೊಡ್ಡಪ್ಪನ ಎಲೆ ಕ್ಯಾನ್ಸರನ್ನು ಕೊಂದೇಬಿಟ್ಟಿತು!’ ಕೂಸು ಹುಟ್ಟುವ ಮುಂಚೆ ಕುಲಾವಿ. ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡಿದ್ದ ದೊಡ್ಡಪ್ಪ ಮರುದಿನದಿಂದಲೇ ಆಸ್ಪತ್ರೆಯ ದಾರಿ ಮರೆತರು. ಎರಡು ಸಲದ ಚಿಕಿತ್ಸೆ ತಪ್ಪಿಹೋಗಿತ್ತು. ಮೂರನೆಯದು ನಾಳೆ ಬೆಳಿಗ್ಗೆ. ಅದೂ ತಪ್ಪಿದರೆ ತಾನೇನೂ ಮಾಡಲಾರೆ ಎಂದಿದ್ದರು ಡಾಕ್ಟರು.

ನಿನ್ನೆ ದೊಡ್ಡಮ್ಮ ಫೋನಿನಲ್ಲಿ ಅಳುವುದೊಂದೇ ಬಾಕಿ. “ನಂಗೂ ಕುಡಿಸ್ತಿದ್ದಾರೆ ಕಣೇ, ದಿನಕ್ಕೆರಡು ಸಲ. ನಾಲಿಗೆ ಸತ್ತೇಹೋಗಿದೆ. ಬೇಡ ಅನ್ನೋಣ ಅಂದ್ರೆ ಅವರ ಸ್ವಭಾವ ಗೊತ್ತಲ್ಲ? ಅದೂ ಅಲ್ದೆ, ನೀನೇ ಬರೆದಿದ್ದೆ.” ಸ್ವಭಾವ ಎಲ್ಲರಿಗೂ ಗೊತ್ತಿತ್ತು. ಎದುರಿಗಿದ್ದವರಿಗೆ ಮೊದಲು ನೀಡದೆ ದೊಡ್ಡಪ್ಪ ಏನನ್ನೂ ಬಾಯಿಗಿಟ್ಟವರಲ್ಲ. ಎದುರಿನವರು ಬೇಡವೆಂದರೆ ತಾವೂ ಮುಟ್ಟುವವರಲ್ಲ. ಅಂಗಡಿಗೆ ಬಂದ ಗಿರಾಕಿ ಕಾಫಿ ಬೇಡ ಎಂದರೆ ದೊಡ್ಡಪ್ಪನ ಲೋಟವೂ ಅಲ್ಲೇ ಆರಿ ಕೆನೆಗಟ್ಟುತ್ತಿತ್ತು. ಅವರು ಹಸಿದಿರಬಾರದೆಂದು ಮನೆಮಂದಿಯೆಲ್ಲ ಕೊಟ್ಟದ್ದಕ್ಕೆಲ್ಲ ಬಾಯಿ ತೆರೆಯುವುದನ್ನು ಕಲಿತಿದ್ದರು.

“ತಟ್ಟೇಲಿ ಫಿನಾಯಿಲ್ ಹಾಕಿದ್ರೂ ಕ್ಯಾನ್ಸರ್ ಸಾಯುತ್ತೆ ದೊಡ್ಡಪ್ಪ. ಕುಡೀತೀರಾ?”

“ಫಿನಾಯಿಲ್ ಹಿತ್ತಲಲ್ಲಿ ಬೆಳೆಯಲ್ಲವಲ್ಲ.”

“ಒಂದು ಚಕ್ರಕ್ಕೆ ತುಕ್ಕು ಹಿಡೀತು ಅಂತ ಇಡೀ ಗಡಿಯಾರಾನ ಆಸಿಡ್‌ನಲ್ಲಿ ಅದ್ದುತ್ತಿದ್ರಾ?”

“ನಾನೇನು ಗಡಿಯಾರಾನಾ? ಮೂರು ವಾರದಿಂದ ಕುಡೀತಿದ್ದೀನಿ, ನೋಡು, ಗುಂಡುಕಲ್ಲಿನ ಹಾಗಿದ್ದೀನಿ.” ಗುಂಡುಕಲ್ಲಿನ ಬೆಲ್ಟಿಗೆ ಎರಡು ಹೊಸ ತೂತು ಬಿದ್ದಿದ್ದವು. ಅವರು ಕೈಗಡಿಯಾರ ನೋಡಿ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು. “ಹನ್ನೊಂದಾಯ್ತು. ನನ್ನ ಹೊತ್ತು.”

“ಲ್ಯಾಬಿನೊಳಗೆ ಏನೂ ಕುಡಿಯೋ ಹಾಗಿಲ್ಲ!”

“ಔಷಧಿ ಕಂಡುಹಿಡಿಯೋ ಜಾಗದಲ್ಲಿ ಔಷಧಿ ಕುಡಿಯಬಾರದಂತೆ. ಚೆನ್ನಾಗಿದೆ ಕಾಯ್ದೆ!”

ಗೊಣಗುತ್ತಲೇ ಹೊರಗಿನ ಓಣಿಗೆ ಬಂದರು. ಕಿಟಕಿಯ ಕಟ್ಟೆಯ ಮೇಲೆ ಫ್ಲಾಸ್ಕು ಊರಿ, ಮುಚ್ಚಳದ ತುಂಬ ಕಪ್ಪುಹಸಿರು ಕಷಾಯ ಬಗ್ಗಿಸಿದರು. ನೆನೆದ ಗೋಣಿಚೀಲದ ವಾಸನೆ ಎದ್ದಿತು. ಅಂಗಡಿಯಲ್ಲಿ ಸಾವಿರ ಸಲ ಚಾಚಿದ ಅದೇ ಕೈ ಅವಳತ್ತ ಚಾಚಿತು.

“ತಗೋ, ಒಂದು ಗುಟುಕು. ನೀನೇ ಕಂಡುಹಿಡಿದದ್ದು.”

ರೂಢಿಯಂತೆ ಅವಳ ಕೈ ಅರ್ಧ ಮುಂದೆ ಹೋಯಿತು. ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅವರು ಕೊಟ್ಟದ್ದನ್ನು ಒಮ್ಮೆಯೂ ಅವಳು ಬೇಡ ಎಂದದ್ದಿಲ್ಲ. ಆವಿಯಾಡುವ ಮುಚ್ಚಳವನ್ನೂ, ಅವರ ಸೊಂಟದ ಬೆಲ್ಟನ್ನೂ ನೋಡಿದಳು. ಎರಡೂ ಕೈಗಳನ್ನು ಬಿಳಿ ಕೋಟಿನ ಜೇಬಿಗೆ ಇಳಿಸಿದಳು.

“ನಂಗೆ ಬೇಡ ದೊಡ್ಡಪ್ಪ.”

“ಒಂದೇ ಗುಟುಕು ಕಣೇ. ಆರಿಹೋಗುತ್ತೆ.”

“ಆರಲಿ. ನಾನು ಕುಡಿಯಲ್ಲ.”